ಕಪಾಟಿನೊಳಗಿನ ಅಸಲು ಕಾಗದ

ದ್ರಾಕ್ಷಾಯಿಣಿಯ ಮಾರ್ಕ್ಸ್ ಕಾರ್ಡುಗಳು ಎಂಟು ವರ್ಷದಿಂದ ಗೋಕಾಕದ ಒಂದು ಖಾಸಗಿ ಆಸ್ಪತ್ರೆಯ ಕಪಾಟಿನಲ್ಲಿ ಕೊಳೆಯುತ್ತಿದ್ದವು. ಕೆಲಸಕ್ಕೆ ಸೇರುವ ನರ್ಸುಗಳು ಬಿಟ್ಟು ಹೋಗಬಾರದೆಂದು ಅವರ ಅಸಲು ಕಾಗದಪತ್ರ ಇಸಿದುಕೊಂಡು ಬೀಗ ಹಾಕುವುದು ಅಲ್ಲಿಯ ರೂಢಿ, ದನಕ್ಕೆ ದಾವಣಿ ಕಟ್ಟಿದ ಹಾಗೆ. ಇದು ಯಾವ ನ್ಯಾಯವೆಂದು ಕೇಳಿದವರಿಲ್ಲ. ಆಗ ಅವಳು ಘೋಡಗೇರಿಯಿಂದ ಬಂದ ಇಪ್ಪತ್ತೆರಡರ ಹುಡುಗಿ, ಕೆಲಸ ಸಿಕ್ಕಿದ್ದೇ ಪುಣ್ಯವೆಂದು ಕೇಳಿದ್ದನ್ನೆಲ್ಲ ಕೊಟ್ಟುಬಿಟ್ಟಿದ್ದಳು. ಆ ಪೆದ್ದುತನಕ್ಕೆ ಈಗಲೂ ತನ್ನನ್ನೇ ಬೈದುಕೊಳ್ಳುತ್ತಾಳೆ.

ಕೆಲಸದಲ್ಲಿ ಅವಳದು ಎತ್ತಿದ ಕೈ. ಎಳೆಗೂಸಿನ ದಾರದಂಥ ನರವೂ ಅವಳ ಸೂಜಿಗೆ ಸಿಗುತ್ತಿತ್ತು. ಓದಿದ್ದು ಮಾತ್ರ ಮೂರು ವರ್ಷದ ಡಿಪ್ಲೊಮಾ. ಬಿ.ಎಸ್ಸಿ. ಮುಗಿಸಿ ಬಂದವರಿಗೆ ಸಲಾಯಿನ್ ಹಚ್ಚುವುದನ್ನು ಇವಳೇ ಕಲಿಸಬೇಕು. ಆರು ತಿಂಗಳಿಗೆ ಅವರೇ ಇವಳ ಮೇಲೆ ಇನ್‌ಚಾರ್ಜ್. ಹಾಗೆ ಇನ್‌ಚಾರ್ಜ್ ಆದ ಮೂರನೆಯವಳು, "ಸಿಸ್ಟರ್, ನೀವು ಹೇಳಿದಷ್ಟ ಮಾಡ್ರಿ" ಎಂದ ದಿನ ಇವಳ ಮೈಯೆಲ್ಲ ಉರಿದುಹೋಯಿತು.

ಮೈದುನ ಲಕ್ಷ್ಮಣ ಸುಲಭದ ಹಾದಿ ತೋರಿಸಿದ. "ವೈನಿ, ಕಾಲೇಜ್ ಬ್ಯಾಡ, ಏನೂ ಬ್ಯಾಡ. ರೊಕ್ಕಾ ಕೊಟ್ಟ ಮನ್ಯಾಗ ಕುಂತ ಡಿಗ್ರಿ ತರಸೂಣು."

"ಮಂದಿ ಜೀವದ ಕೆಲಸ ಐತಿ. ಖೊಟ್ಟಿ ಕಾಗದ ನನಗ ಬ್ಯಾಡ!" ಎಂದು ಗದರಿದಳು. ಬೆಳಗಾವಿಯ ಕಾಲೇಜಿಗೆ ಅರ್ಜಿ ಹಾಕಿ, ಡಿಪ್ಲೊಮಾದವರಿಗೆಂದೇ ಇರುವ ಎರಡು ವರ್ಷದ ಬಿ.ಎಸ್ಸಿ. ಸೀಟು ಪಡೆದಳು. ಶುಕ್ರವಾರದೊಳಗೆ ಅಸಲು ಕಾಗದ ತೋರಿಸದಿದ್ದರೆ ಸೀಟು ಬೇರೆಯವರಿಗೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಕಾಗದ ಕೇಳಿದರೆ ಆಸ್ಪತ್ರೆಯ ಮಾಲೀಕ ಡಾಕ್ಟರು ಸೋಮವಾರ "ನಾಳೆ ನೋಡೂಣು" ಎಂದರು. ಮಂಗಳವಾರ "ಕೀಲಿಕೈ ಮನ್ಯಾಗ ಐತಿ" ಎಂದರು. ಬುಧವಾರ, "ನಿನಗ್ಯಾಕವಾ ಡಿಗ್ರಿ? ಕೈಗುಣ ಐತೆಲ್ಲ, ಸಾಕು" ಎಂದು ನಕ್ಕರು. ಹೊಡೆದಿದ್ದರೂ ಅವಳಿಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಗುರುವಾರ ಸಮವಸ್ತ್ರ ಹಾಕದೆ ಸೀರೆಯುಟ್ಟು ಬಂದು, ಚೀಟಿ ಮಾಡಿಸಿ, ರೋಗಿಗಳ ಸಾಲಿನಲ್ಲಿ ಪಾಳಿ ಹಚ್ಚಿ ಕುಳಿತಳು. ಮೊಮ್ಮಗನನ್ನು ತೋರಿಸಲು ಅರಭಾವಿಯಿಂದ ಬಂದಿದ್ದ ಕುರುಬರ ಕಾಶೆವ್ವ ಗಾಬರಿಯಾದಳು. "ನರ್ಸಬಾಯಾರ, ನಿಮಗೇನಾಗೇತ್ರಿ?"

ದ್ರಾಕ್ಷಾಯಿಣಿ ಎಲ್ಲವನ್ನೂ ಹೇಳಿದಳು, ಇಡೀ ಪಾಳಿಗೆ ಕೇಳುವಂತೆ. ಕರೆ ಬಂದಾಗ ಅವಳ ಹಿಂದೆ ಕಾಶೆವ್ವ, ಕಾಶೆವ್ವನ ಹಿಂದೆ ಅರ್ಧ ಪಾಳಿಯೇ ಒಳನುಗ್ಗಿತು.

"ಏನ್ ತ್ರಾಸ?" ಡಾಕ್ಟರು ತಲೆಯೆತ್ತದೆ ಕೇಳಿದರು.

"ನನ್ನ ಕಾಗದ ನಿಮ್ಮ ಕಪಾಟಿನ್ಯಾಗ ಅದಾವ್ರಿ. ಅದ ತ್ರಾಸ."

ಅವರು ಬಾಯಿ ತೆರೆಯುವಷ್ಟರಲ್ಲಿ ಕಾಶೆವ್ವ ಸೆರಗು ಸಿಕ್ಕಿಸಿದಳು. "ಕೊಡ್ರಿ ಸಾಹೇಬ್ರ. ಕೊಡೂತನಾ ನಾವ್ಯಾರೂ ಹೊರಗ ಹೋಗೂದಿಲ್ಲ."

ಕೀಲಿಕೈ ಡಾಕ್ಟರ ಕಿಸೆಯಲ್ಲೇ ಇತ್ತು. ಕಪಾಟು ತೆರೆದರೆ ಒಳಗೆ ಹನ್ನೆರಡು ಪ್ಲಾಸ್ಟಿಕ್ ಚೀಲ, ಒಂದೊಂದರ ಮೇಲೂ ಒಬ್ಬೊಬ್ಬಳ ಹೆಸರು. ದ್ರಾಕ್ಷಾಯಿಣಿ ತನ್ನದನ್ನು ಕಂಕುಳಲ್ಲಿ ಇರುಕಿಕೊಂಡಳು. ಹೊರಡಲಿಲ್ಲ. ಉಳಿದ ಹನ್ನೊಂದನ್ನೂ ಬಾಚಿಕೊಂಡು ಬಾಗಿಲಲ್ಲಿ ನಿಂತು, ವಾರ್ಡಿನ ತುದಿಗೂ ಕೇಳುವಂತೆ ಕೂಗತೊಡಗಿದಳು: "ಸುಮನ್! ವಿಜಯಲಕ್ಷ್ಮಿ! ಯಲ್ಲವ್ವ! ಬರ್ರಿ, ನಿಮ್ಮವು ಒಯ್ರಿ!"