ಮೋಟೆಬೆನ್ನೂರು ದಾಟಿದ ಮೇಲೆ ನಿಲ್ಲುವ ಕಾರು

ಅಪ್ಪನ ಕೈಯಿಂದ ಕಾರಿನ ಚಾವಿ ಕಸಿದುಕೊಂಡವಳು ನಾನೇ. ಕಸಿದುಕೊಂಡೆ ಎಂದರೆ ಜಗಳವೇನೂ ಆಗಲಿಲ್ಲ. ನಾನು ಕೈ ಚಾಚಿದೆ, ಅವನು ಕೊಟ್ಟ. "ವಾರಕ್ಕ ಎರಡು ಸಲ ಚಾಲೂ ಮಾಡಿ ಬಿಡು, ಇಲ್ಲಂದ್ರ ಬ್ಯಾಟರಿ ಇಳೀತೈತಿ," ಎಂದಷ್ಟೇ ಹೇಳಿ ಒಳಗೆ ಹೋಗಿ ಮಲಗಿಬಿಟ್ಟ. ಆಗ ಬೆಳಗಿನ ಹನ್ನೊಂದು ಗಂಟೆ.

ಅಪ್ಪ ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟಿದ್ದವನು. ಎಪ್ಪತ್ತು ದಾಟಿದ ಮೇಲೆ ಅಂಗಡಿ ಬಿಟ್ಟ. ಅವ್ವ ತೀರಿಹೋಗಿ ಬಹಳ ವರ್ಷಗಳಾಗಿದ್ದವು, ಮನೆಯಲ್ಲಿ ನಾವಿಬ್ಬರೇ. ನಾನು ಬ್ಯಾಡಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಕಾರು ಅಪ್ಪನದು, ಇಪ್ಪತ್ತು ವರ್ಷದ ಹಳೆಯದು. ಪ್ರತಿ ಸೋಮವಾರ ಅದರಲ್ಲಿ ಹೊಸರಿತ್ತಿಗೆ ಹೋಗಿ ತಂಗಿಯನ್ನು, ಅಂದರೆ ನನ್ನ ಅತ್ತೆಯನ್ನು, ಮಾತಾಡಿಸಿಕೊಂಡು ಬರುತ್ತಿದ್ದ. ಅತ್ತೆ ಸೊಂಟ ಮುರಿದುಕೊಂಡು ಮಂಚ ಹಿಡಿದಿದ್ದಳು. ಅಪ್ಪನ ಮೊಣಕಾಲು ಬಸ್ಸಿನ ಮೆಟ್ಟಿಲು ಹತ್ತಗೊಡುತ್ತಿರಲಿಲ್ಲ. ಹಾಗಾಗಿ ಕಾರು ಇದ್ದರೆ ಹೊಸರಿತ್ತಿ, ಇಲ್ಲದಿದ್ದರೆ ಇಲ್ಲ.

ಒಂದು ಸೋಮವಾರ ಸಂಜೆ ಬಂದವನೇ, "ಗಾಡಿ ಹಾದ್ಯಾಗ ನಿಲ್ಲಾಕತ್ತೈತಿ," ಎಂದ. ಮೋಟೆಬೆನ್ನೂರು ದಾಟುತ್ತಿದ್ದಂತೆ ಹೆದ್ದಾರಿಯಲ್ಲಿ ಎಂಜಿನ್ ತಾನಾಗಿಯೇ ನಿಂತಿತಂತೆ. ಇಪ್ಪತ್ತು ನಿಮಿಷ ಕಾದರೆ ಏನೂ ಆಗಿಲ್ಲದ ಹಾಗೆ ಮತ್ತೆ ಚಾಲೂ ಆಯಿತಂತೆ.

"ಕ್ಲಚ್ ಬಿಡೂದರಾಗ ತಪ್ಪಿರಬೇಕು," ಎಂದೆ.

"ಐವತ್ತು ವರ್ಷಾತು ಗಾಡಿ ಹೊಡ್ಯಾಕತ್ತು. ಕ್ಲಚ್ಚಲ್ಲ ಅದು. ಮೊದಲ ಮುಳ್ಳು ಬೀಳತೈತಿ, ಆಮ್ಯಾಲ ಎಂಜಿನ್ ಸುಮ್ಮನಾಗತೈತಿ."

ಎಂಜಿನ್ನಿನ ವೇಗ ತೋರಿಸುವ ಮುಳ್ಳಿನ ಬಗ್ಗೆ ಅವನು ಹೇಳುತ್ತಿದ್ದುದು. ನಾನು ಕೇಳಿಸಿಕೊಂಡೆ, ಆದರೆ ಮನಸ್ಸಿಗೆ ತೆಗೆದುಕೊಳ್ಳಲಿಲ್ಲ. ಮರುವಾರವೂ ಅದೇ ಮಾತು, ಅದರ ಮರುವಾರವೂ. ಒಂದು ಭಾನುವಾರ ಬೆಳಿಗ್ಗೆ ಅವನನ್ನು ಕರೆದುಕೊಂಡು ಗ್ಯಾರೇಜಿಗೆ ಹೋದೆ. ನಮ್ಮ ಮೆಕ್ಯಾನಿಕ್ ಪೆಟ್ರೋಲ್ ಫಿಲ್ಟರ್ ಬದಲಿಸಿದ, ಪ್ಲಗ್ ಬದಲಿಸಿದ, ಬ್ಯಾಟರಿಯ ವೈರುಗಳನ್ನು ಉಜ್ಜಿ ಬಿಗಿದ. ಊರೊಳಗೆ ಎರಡು ಸುತ್ತು ಹೊಡೆದು ಬಂದು, "ಏನೂ ಇಲ್ಲರಿ ಅಕ್ಕಾರ, ಗಾಡಿ ಭಾಳ ಛಲೋ ಐತಿ," ಎಂದ. ಆಮೇಲೆ ದನಿ ತಗ್ಗಿಸಿ, "ಕಾಕಾರಿಗೆ ವಯಸ್ಸಾತಲ್ಲರಿ," ಎಂದ. ಅಪ್ಪ ನಾಲ್ಕು ಹೆಜ್ಜೆ ಆಚೆ, ತೆರೆದ ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. ಅವನ ಕಿವಿ ಚುರುಕಾಗಿತ್ತು. ಅದು ನನಗೆ ಗೊತ್ತಿತ್ತು.

ಅದಾಗಿ ಹದಿನೈದು ದಿನಕ್ಕೆ ಯಾರೋ ಲಾರಿ ಚಾಲಕ ಅಪ್ಪನ ಫೋನಿನಿಂದ ನನಗೆ ಕರೆ ಮಾಡಿದ. ನಡುರಸ್ತೆಯಲ್ಲಿ ಕಾರು ನಿಂತಿತ್ತು. ಇವನ ಲಾರಿ ಒಂದು ಮಾರು ದೂರದಲ್ಲಿ ಬ್ರೇಕ್ ಹಾಕಿತ್ತು. "ಮುದುಕರ ಕೈಗೆ ಗಾಡಿ ಯಾಕ ಕೊಡ್ತೀರಿ?" ಎಂದು ಬೈದ. ತರಗತಿಯ ಹೊರಗೆ ನಿಂತು ಕೇಳಿಸಿಕೊಂಡೆ. ಮರುದಿನ ರಜೆ ಹಾಕಿ ಚಾವಿ ತೆಗೆದುಕೊಂಡೆ. ಹೆದರಿಕೆಯಿಂದ ಹಾಗೆ ಮಾಡಿದೆ ಎನ್ನುವುದು ನಿಜ. ಅವನು ಹೇಳಿದ್ದನ್ನು ಒಂದು ದಿನವೂ ನಂಬಿರಲಿಲ್ಲ ಎನ್ನುವುದೂ ಅಷ್ಟೇ ನಿಜ.

ಭಾನುವಾರ ನಾನೇ ಕರೆದುಕೊಂಡು ಹೋಗುತ್ತೇನೆ ಎಂದಿದ್ದೆ. ಪರೀಕ್ಷೆ, ಪೇಪರು, ತರಬೇತಿ ಎನ್ನುತ್ತ ಒಂದು ಭಾನುವಾರವೂ ಹೋಗಲಿಲ್ಲ. ಅವನೂ ಕೇಳಲಿಲ್ಲ. ಹತ್ತು ತಿಂಗಳಾದ ಮೇಲೆ, ಮುಖ ತೊಳೆಯಲು ಹೋದವನು ಬಚ್ಚಲಲ್ಲಿ ಕುಸಿದು, ಅಲ್ಲೇ ತೀರಿಕೊಂಡ.

ಕಾರನ್ನು ಮಾರಿಬಿಡಬೇಕು ಎಂದುಕೊಂಡೆ. ಅದಕ್ಕೂ ಮೊದಲು ಒಮ್ಮೆ ಅತ್ತೆಯನ್ನು ನೋಡಿ ಬರೋಣ ಎಂದು ಏಪ್ರಿಲ್‌ನ ಒಂದು ಭಾನುವಾರ ಹೊರಟೆ. ವಾರಕ್ಕೆರಡು ಸಲ ಚಾಲೂ ಮಾಡುತ್ತಿದ್ದೆನೇ ಹೊರತು ಓಡಿಸಿರಲಿಲ್ಲ; ಸೀಟು ಇನ್ನೂ ಅಪ್ಪನ ಕಾಲಿನ ಅಳತೆಗೇ ಹಿಂದಕ್ಕೆ ಸರಿದಿತ್ತು. ಅದನ್ನು ಮುಂದಕ್ಕೆ ಎಳೆದುಕೊಳ್ಳುವಾಗ ಅವನನ್ನು ಇನ್ನೊಮ್ಮೆ ಎಬ್ಬಿಸಿ ಕಳಿಸಿದ ಹಾಗಾಯಿತು.

ಮೋಟೆಬೆನ್ನೂರು ದಾಟಿತು. ನಾನು ಬೇರೇನೋ ಯೋಚಿಸುತ್ತಿದ್ದೆ. ಕಣ್ಣಂಚಿನಲ್ಲಿ ಏನೋ ಅಲುಗಿದ ಹಾಗಾಗಿ ನೋಡಿದರೆ, ಮುಳ್ಳು ಸೊನ್ನೆಗೆ ಬಿದ್ದಿತ್ತು. ಕಾರು ಇನ್ನೂ ಓಡುತ್ತಿತ್ತು, ಆದರೆ ಎಂಜಿನ್ನಿನ ಸದ್ದಿರಲಿಲ್ಲ. ಗಾಳಿಯ ಸದ್ದು, ಚಕ್ರದ ಸದ್ದು, ಅಷ್ಟೇ. ಹೇಗೋ ಎಡಕ್ಕೆ ತಂದು ನಿಲ್ಲಿಸಿದೆ.

"ಮೊದಲ ಮುಳ್ಳು ಬೀಳತೈತಿ." ಆ ಬಿಸಿಲಿನಲ್ಲಿ, ಗಾಜು ಏರಿಸಿದ ಕಾರಿನೊಳಗೆ, ಅದು ನನ್ನ ಹಿಂದಿನಿಂದ ಕೇಳಿಸಿತು. ನೆನಪಾಯಿತು ಎಂದು ಬರೆಯಬಹುದಿತ್ತು. ಆದರೆ ನಾನು ತಿರುಗಿ ಹಿಂದಿನ ಸೀಟು ನೋಡಿದ್ದು ಖರೇ. ಅಲ್ಲಿ ಅವನ ಟವೆಲ್ಲೊಂದು ಬಿಟ್ಟರೆ ಬೇರೇನೂ ಇರಲಿಲ್ಲ. ಕೈಗಡಿಯಾರ ನೋಡಿಕೊಂಡು ಕುಳಿತೆ. ಹತ್ತೊಂಬತ್ತು ನಿಮಿಷಕ್ಕೆ ಚಾವಿ ತಿರುವಿದಾಗ ಕಾರು ಚಾಲೂ ಆಯಿತು. ಹೊಸರಿತ್ತಿಗೆ ಹೋಗುವ ಧೈರ್ಯ ಬರಲಿಲ್ಲ. ತಿರುಗಿಸಿಕೊಂಡು ಮನೆಗೆ ಬಂದೆ.

ಆಮೇಲೆ ಕಾರು ಮಾರುವ ವಿಚಾರ ಬಿಟ್ಟೆ. ಮುಂದಿನ ಎರಡು ಭಾನುವಾರ ಅದೇ ರಸ್ತೆಯಲ್ಲಿ ಸುಮ್ಮನೆ ಓಡಿಸಿದೆ. ಬೆಳಿಗ್ಗೆ ಏಳಕ್ಕೆ ಹೊರಟರೆ ನಿಲ್ಲುತ್ತಿರಲಿಲ್ಲ. ಮಧ್ಯಾಹ್ನ ಹೊರಟರೆ ಅರ್ಧ ಗಂಟೆಯೊಳಗೆ ನಿಲ್ಲುತ್ತಿತ್ತು. ಪ್ರತಿ ಸಲವೂ ಮುಳ್ಳೇ ಮೊದಲು. ರಾತ್ರಿ ಕಣ್ಣು ಮುಚ್ಚಿದರೂ ಅದು ಬೀಳುವುದೇ ಕಾಣುತ್ತಿತ್ತು. ತರಗತಿಯಲ್ಲಿ ಬೋರ್ಡಿಗೆ ಮುಖ ಮಾಡಿ ನಿಂತಾಗ ಮಕ್ಕಳು ಒಮ್ಮೆಲೇ ಸುಮ್ಮನಾದರೆ ಬರೆಯುವುದನ್ನು ಬಿಟ್ಟು ತಿರುಗಿ ನೋಡುತ್ತಿದ್ದೆ.

ಗ್ಯಾರೇಜಿಗೆ ಹೋಗಿ ಮೆಕ್ಯಾನಿಕ್‌ಗೆ, "ಇಲ್ಲಿ ನೋಡಬ್ಯಾಡ. ನನ್ನ ಜೋಡಿ ಕುಂತು ಬಾ," ಎಂದೆ.

ಒಂದು ಮಧ್ಯಾಹ್ನ ಬಂದ. ನೀರಿನ ಬಾಟಲಿ, ಒಂದು ತುಂಡು ಬಟ್ಟೆ ಹಿಡಿದುಕೊಂಡಿದ್ದ. ಮೋಟೆಬೆನ್ನೂರು ದಾಟಿ ಸ್ವಲ್ಪ ದೂರಕ್ಕೆ ಕಾರು ನಿಂತಿತು. ಅವನು ಮುಳ್ಳನ್ನೇ ನೋಡುತ್ತಿದ್ದ. ಇಳಿದು ಬಾನೆಟ್ ಎತ್ತಿ, ಎಂಜಿನ್ನಿನ ಕೆಳಭಾಗಕ್ಕೆ ಕೈ ಇಳಿಬಿಟ್ಟು, ಯಾವುದೋ ಒಂದು ಜಾಗಕ್ಕೆ ಒದ್ದೆ ಬಟ್ಟೆ ಒತ್ತಿ ಅದರ ಮೇಲೆ ನಿಧಾನಕ್ಕೆ ನೀರು ಸುರಿದ.

"ಈಗ ಚಾವಿ ಹೊಡೀರಿ."

ಎರಡು ನಿಮಿಷವೂ ಆಗಿರಲಿಲ್ಲ. ಕಾರು ಒಂದೇ ಸಲಕ್ಕೆ ಚಾಲೂ ಆಯಿತು.

"ಒಮ್ಮೆ ಆದ್ರ ನಂಬಾಕ ಆಗೂದಿಲ್ಲ," ಎಂದು ಹಾವೇರಿಯವರೆಗೆ ಹೊಡೆಸಿದ. ಬರುವಾಗ ಮತ್ತೆ ನಿಂತಿತು. ಮತ್ತೆ ಅದೇ ಜಾಗಕ್ಕೆ ನೀರು, ಮತ್ತೆ ಚಾಲೂ. ಆಗ ಹೇಳಿದ: ಎಂಜಿನ್ ತಿರುಗುತ್ತಿದೆ ಎಂದು ಕಾರಿನ ಕಂಪ್ಯೂಟರಿಗೆ ತಿಳಿಸುವ ಸಣ್ಣ ಸೆನ್ಸರ್ ಒಂದಿದೆ. ಅದು ಹಳೆಯದಾಗಿ, ಕಾದಾಗ ಒಳಗಿನ ತಂತಿ ಬಿಟ್ಟುಕೊಳ್ಳುತ್ತದೆ, ಆರಿದಾಗ ಕೂಡಿಕೊಳ್ಳುತ್ತದೆ. ಬಿಟ್ಟುಕೊಂಡಾಗ ಕಂಪ್ಯೂಟರು ಎಂಜಿನ್ ನಿಂತೇಹೋಗಿದೆ ಎಂದು ತಿಳಿದು ಪೆಟ್ರೋಲು, ಕಿಡಿ ಎರಡನ್ನೂ ನಿಲ್ಲಿಸಿಬಿಡುತ್ತದೆ. ತಣ್ಣಗಿರುವಾಗ ಎಷ್ಟು ತಪಾಸಣೆ ಮಾಡಿದರೂ ಸರಿಯಾಗಿಯೇ ಕಾಣುತ್ತದೆ.

ಗ್ಯಾರೇಜಿನಲ್ಲಿ ಅದನ್ನು ಬಿಚ್ಚಿ ನನ್ನ ಅಂಗೈಯಲ್ಲಿಟ್ಟ. ಹೆಬ್ಬೆರಳಿನಷ್ಟು ಕಪ್ಪು ವಸ್ತು. ಕೈ ಒರೆಸಿಕೊಳ್ಳುತ್ತ, "ಕಾಕಾರು ನನಗೂ ಹೇಳಿದ್ರರಿ, ಮುಳ್ಳು ಬೀಳತೈತಿ ಅಂತ," ಎಂದ. "ಆ ಒಂದು ಮಾತು ಸಾಕಿತ್ತು ನನಗ. ನಾ ಕೇಳಲೇ ಇಲ್ಲರಿ."

"ನಾನೂ ಕೇಳಲಿಲ್ಲ," ಎಂದೆ.

ಹೊಸ ಸೆನ್ಸರ್ ಹಾಕಿಸಿದ ಮರುದಿನವೇ ಹೊಸರಿತ್ತಿಗೆ ಹೋದೆ. ಅತ್ತೆ ತನ್ನ ಮಗ-ಸೊಸೆಯ ಮನೆಯಲ್ಲಿ, ಪಡಸಾಲೆಯ ಮಂಚದ ಮೇಲೆ ಇದ್ದಳು. ಅಣ್ಣನ ಮಣ್ಣಿಗೂ ಅವಳಿಗೆ ಬರಲಾಗಿರಲಿಲ್ಲ. ನಾನು ಪಕ್ಕದಲ್ಲಿ ಕುಳಿತು, ಮೊದಲಿಂದ ಹೇಳಿದೆ: ಕಾರು ನಿಲ್ಲುತ್ತಿದ್ದುದು, ನಾನು ನಂಬದಿದ್ದುದು, ಚಾವಿ ತೆಗೆದುಕೊಂಡದ್ದು.

"ನೀ ಚಾವಿ ಕಸಗೊಂಡಿ ಅಂತ ಅವ ಹೇಳಲೇ ಇಲ್ಲ," ಎಂದಳು ಅತ್ತೆ. "ಫೋನ್ ಮಾಡಿದಾಗೊಮ್ಮೆ ಗಾಡಿ ರಿಪೇರಿಗೆ ಬಿಟ್ಟೇನಿ ಅಂತಿದ್ದ. ಎಂಟು ತಿಂಗಳ ರಿಪೇರಿ ಯಾವ ಗಾಡಿಗಿರತೈತಿ? ಬರಾಕ ಮನಸ್ಸಿಲ್ಲಂದ್ರ ಇಲ್ಲನ್ನು ಅಂತ ಬೈದೆ ಅವಗ. ಕಡೀ ಎರಡು ತಿಂಗಳು ನಾ ಫೋನ್ ಎತ್ತಲಿಲ್ಲ."

ಅಪ್ಪ ಆ ಎರಡು ತಿಂಗಳು ಸೋಮವಾರಗಳಂದು ಫೋನು ಕೈಯಲ್ಲಿ ಹಿಡಿದು ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದ. ಬ್ಯಾಡಗಿಯ ಬಸ್ಸಿಗೆ ಹೊರಟವಳು ಅವನನ್ನು ದಾಟಿಕೊಂಡೇ ಹೋಗಿದ್ದೆ. ಅದನ್ನು ಅವಳಿಗೆ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.

ಸೊಸೆ ರೊಟ್ಟಿ, ಬದನೆಕಾಯಿ ಪಲ್ಯ ತಂದಿಟ್ಟಳು. ಅತ್ತೆ ತನ್ನ ತಟ್ಟೆಯ ಬೆಣ್ಣೆಯನ್ನು ನನ್ನ ರೊಟ್ಟಿಯ ಮೇಲೆ ಹಾಕಿದಳು. ಇಬ್ಬರೂ ಉಂಡೆವು. ನಾನು ಕೈ ತೊಳೆದುಕೊಂಡು ಹೊರಟು ನಿಂತಾಗ, "ಹಾದ್ಯಾಗ ಗಾಡಿ ನಿಂತರ ಫೋನ್ ಮಾಡು," ಎಂದಳು.

"ಈಗ ಬರೋಬ್ಬರಿ ಆಗೇತಿ ಅತ್ತಿ. ನಿಲ್ಲೂದಿಲ್ಲ."

"ನಿಲ್ಲಲಿಲ್ಲಂದ್ರೂ ಮಾಡು."

ಅಂದಿನಿಂದ ಭಾನುವಾರ ತಪ್ಪಿಸಿಲ್ಲ. ಮನೆ ಮುಟ್ಟಿದ ಕೂಡಲೇ ಫೋನ್ ಮಾಡುತ್ತೇನೆ. ಮೊದಲನೇ ರಿಂಗಿಗೇ ಎತ್ತುತ್ತಾಳೆ. "ಮುಟ್ಟಿದೇನು? ಆತು," ಎನ್ನುತ್ತಾಳೆ. ಆಮೇಲೂ ಸ್ವಲ್ಪ ಹೊತ್ತು ಇಬ್ಬರೂ ಫೋನ್ ಇಡುವುದಿಲ್ಲ.