ಗೋಲ್ ಪೋಸ್ಟ್ ಪಕ್ಕದಲ್ಲಿ ಅಪ್ಪನ ಹೆಸರು

ಮೈಸೂರಿಗೆ ಬಂದ ಮೊದಲ ಭಾನುವಾರವೇ, ಯಾರೂ ಸಾಯದ ಮನೆಗೆ ಹೋಗಿ ನಾನು ಸಾವಿನ ಮನೆಯಲ್ಲಿ ಕುಳಿತಂತೆ ಕುಳಿತುಬಿಟ್ಟೆ.

ಜಯಲಕ್ಷ್ಮಿಪುರಂನಲ್ಲಿ ನನಗೆ ಸಿಕ್ಕಿದ್ದು ಹಳೆಯ ಮನೆಯೊಂದರ ಹಿತ್ತಲಿನ ಕೋಣೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಮುಂದಿನ ಜಗಲಿಯಿಂದ ವಾದ್ಯದ ಸದ್ದು ಬಂತು. ಹೋಗಿ ನೋಡಿದರೆ ಮೆಟ್ಟಿಲ ಕೆಳಗೆ ಚಪ್ಪಲಿಗಳು, ಮೇಲೆ ಚಾಪೆ ಹಾಸಿಕೊಂಡು ಐದಾರು ಹಿರಿಯರು ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದಾರೆ. ಒಬ್ಬರ ಕೆನ್ನೆ ಒದ್ದೆಯಾಗಿತ್ತು. ನಮ್ಮ ರಾಯಚೂರು ಕಡೆ ಇಂಥದ್ದನ್ನು ಕಂಡವರು ಏನನ್ನೂ ವಿಚಾರಿಸುವುದಿಲ್ಲ. ಹೆಣ ಎತ್ತುವವರೆಗೆ ಭಜನೆ ನಡೆಯುತ್ತದೆ, ಬಂದವರು ಚಪ್ಪಲಿ ಬಿಟ್ಟು ಸುಮ್ಮನೆ ಕೂರಬೇಕು. ನಾನೂ ಹಾಗೇ ತಲೆ ತಗ್ಗಿಸಿ ಕುಳಿತೆ. ಹಾಡು ಮುಗಿದ ಮೇಲೆ ಪಕ್ಕದವರನ್ನು ಮೆಲ್ಲಗೆ ಕೇಳಿದೆ, "ಯಾರು ತೀರಿಕೊಂಡಾರ್ರಿ?"

"ತೀರ್ಕೊಂಡಿರೋದು ನನ್ನ ಮಂಡಿ ಕಣಪ್ಪ. ಕೂತ್ರೆ ಏಳಕ್ಕಾಗಲ್ಲ," ಎಂದರು ಅವರು.

ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ, ಆದರೆ ಕಿವಿ ಬಿಸಿಯಾಗಿತ್ತು. ಅವರು ಕೇಳುತ್ತಿದ್ದದ್ದು ಭಜನೆಯಲ್ಲ, ರಾಕ್ ಸಂಗೀತ. ಗಿಟಾರು, ಡ್ರಮ್ಮು, ಗಂಟಲು ಹರಿಯುವ ಹಾಗೆ ಕೂಗುವ ಹಾಡು. ನಲವತ್ತೈದು ವರ್ಷದ ಹಿಂದೆ ಇಲ್ಲಿನ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಹೊರ ಊರಿನ ಉದ್ದಕೂದಲಿನ ಹುಡುಗರು ಬಂದು ಇದನ್ನು ನುಡಿಸಿದ್ದರಂತೆ. ಅದನ್ನು ಕೇಳಿ ತಲೆಕೆಡಿಸಿಕೊಂಡ ಇವರು ಇವತ್ತಿಗೂ ಭಾನುವಾರಕ್ಕೊಮ್ಮೆ ಸೇರಿ ಆ ಕಾಲದ ಕ್ಯಾಸೆಟ್ ಹಾಕಿಕೊಂಡು ಕೂರುತ್ತಾರೆ. ಪಂಚೆ ಉಟ್ಟವರು, ವಿಭೂತಿ ಹಚ್ಚಿದವರು, ಹತ್ತಿ ಸೀರೆಯ ಅಜ್ಜಿ, ಎಲ್ಲರೂ ಅದರಲ್ಲಿದ್ದರು.

ಮೈಸೂರಿನದೇ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ನನಗೆ ಪಾಳಿಯ ಕೆಲಸ. ಊರಲ್ಲಿ ಬಿಸಿಲು ಮೈಮೇಲೆ ಬಿದ್ದು ಎಬ್ಬಿಸುತ್ತದೆ, ಇಲ್ಲಿ ಮರಗಳ ನೆರಳಿನಲ್ಲಿ ಎಂಟು ಗಂಟೆಯಾದರೂ ಬೆಳಗಾದಂತೆ ಅನಿಸುವುದಿಲ್ಲ. ಊರಲ್ಲಿ ರೊಟ್ಟಿಯನ್ನು ಅಗಿದು ಅಗಿದು ದವಡೆಗೆ ಕೆಲಸ ಕೊಟ್ಟವನು ಇಲ್ಲಿ ಮುದ್ದೆಯನ್ನು ಅಗಿಯದೆ ನುಂಗಲು ಕಲಿಯಬೇಕಾಯಿತು. ಮನೆಯೊಡತಿ ಸುಶೀಲಮ್ಮ ಎದುರು ಕುಳಿತು ಕಲಿಸಿದರು. "ಉಪ್ಸಾರಲ್ಲಿ ಅದ್ದಿ ಬಾಯಿಗೆ ಹಾಕ್ಕೊಂಡ್ಬುಡು, ಯೋಚ್ನೆ ಮಾಡಬೇಡ," ಎನ್ನುತ್ತಿದ್ದರು. ಉಪ್ಸಾರು ಎಂದರೆ ಸೊಪ್ಪು, ಕಾಳು ಬೇಯಿಸಿದ ನೀರಿಗೆ ಖಾರ ಸೇರಿಸಿ ಮಾಡುವ ತಿಳಿಸಾರು. ಮೂರನೆಯ ವಾರ ಒಂದು ಇಡೀ ಮುದ್ದೆ ಒಳಗಿಳಿಯಿತು. ಆವತ್ತು ಮೈಸೂರನ್ನೇ ಗೆದ್ದವನ ಹಾಗೆ ಊರಿಗೆ ಫೋನ್ ಮಾಡಿ, "ಕೆಲಸ ಮುಗಿಸಿ ಬಂದ್ಬುಟ್ಟೆ ಅಪ್ಪಾ," ಎಂದೆ. ಅಪ್ಪ ಕೇಳಿದ, "ಯಾರ ಮಾತು ಆಡಾಕತ್ತೀಯೋ ಮಗನಾ?"

ಇಲ್ಲಿನವರು ಕೆಟ್ಟವರಲ್ಲ. ಯಾರನ್ನು ಕಂಡರೂ ‘ಬನ್ನಿ, ಕೂತ್ಕೊಳ್ಳಿ’ ಎನ್ನುತ್ತಾರೆ. ನಾನು ಬಾಯಿ ತೆರೆದರೆ ಮಾತ್ರ ತುಟಿಯಂಚಿನಲ್ಲಿ ಒಂದು ನಗೆ ಬರುತ್ತದೆ, "ನಿಮ್ಮ ಕಡೆ ಭಾಷೆ ಕೇಳಕ್ಕೆ ಚೆಂದ" ಎಂದೂ ಸೇರಿಸುತ್ತಾರೆ. ಚೆಂದ ಎನಿಸಿಕೊಳ್ಳಲು ನಾನೇನು ಗಿಳಿಯೇ? ಕ್ರಮೇಣ ಬಸ್ಸಿನಲ್ಲಿ ಊರಿನ ಫೋನ್ ಬಂದರೆ ದನಿ ತಗ್ಗಿಸತೊಡಗಿದೆ, ಆಮೇಲಾಮೇಲೆ ಎತ್ತುವುದನ್ನೇ ಬಿಟ್ಟೆ. ಪಾಳಿ ಬದಲಾದ ವಾರಗಳಲ್ಲಿ ನಾಲ್ಕು ದಿನ ಯಾರೂ ನನ್ನ ಹೆಸರು ಹಿಡಿದು ಕರೆಯದೆ ಇದ್ದದ್ದೂ ಉಂಟು. ಹೀಗಾಗಿ ಆ ಭಾನುವಾರದ ಚಾಪೆಯ ಮೇಲೆ ನನಗೆ ಆಸೆ ಹುಟ್ಟಿತು.

ಅಲ್ಲಿಗೊಂದು ರೂಢಿಯಿದೆ. ಹೊಸದಾಗಿ ಬಂದವರನ್ನು ಹೆಸರು, ಕೆಲಸ ಯಾವುದನ್ನೂ ಕೇಳುವುದಿಲ್ಲ. "ಆವತ್ತು ಎಲ್ಲಿದ್ರಿ?" ಎಂದು ಕೇಳುತ್ತಾರೆ. ಸ್ಟೇಡಿಯಂನಲ್ಲಿ ಎಲ್ಲಿ ನಿಂತು ಕೇಳಿದಿರಿ ಎಂದು ಅರ್ಥ. ಗೋಡೆಗೆ ಒಂದು ದಪ್ಪ ರಟ್ಟು ನೇತುಹಾಕಿದ್ದಾರೆ. ಅದರ ಮೇಲೆ ಮೈದಾನದ ನಕ್ಷೆ. ನೆನಪು ಹೇಳಿ ಮುಗಿಸಿದವರು ತಾವು ನಿಂತಿದ್ದ ಜಾಗದಲ್ಲಿ ತಮ್ಮ ಕೈಯಾರೆ ಹೆಸರು ಬರೆಯಬೇಕು. ತೀರಿಹೋದವರ ಹೆಸರುಗಳೂ ಹಾಗೇ ಇವೆ.

ನಕ್ಷೆ ಬರೆದವರು ಮಂಡಿನೋವಿನ ಮಹದೇವಪ್ಪ, ದಿನಸಿ ಅಂಗಡಿ ನಡೆಸಿದವರು. ಆಗ ಅವರು ಮಠದ ಹಾಸ್ಟೆಲಿನಲ್ಲಿದ್ದರಂತೆ. ಸಂಜೆಯ ಪ್ರಾರ್ಥನೆ ತಪ್ಪಿಸಿ, ಕಾಂಪೌಂಡ್ ಹಾರಿ, ಕೊನೆಯ ಮೆಟ್ಟಿಲಲ್ಲಿ ಕುಳಿತು ಕೇಳಿ ಬಂದು, ಮೂರು ದಿನ ಪ್ರಸಾದಕ್ಕೆ ಬರಬೇಡ ಎನಿಸಿಕೊಂಡಿದ್ದರು. ಸುಶೀಲಮ್ಮ ಅಣ್ಣನ ಪ್ಯಾಂಟು ತೊಟ್ಟು, ಜಡೆಯನ್ನು ಟೋಪಿಯೊಳಗೆ ತುರುಕಿಕೊಂಡು ಹೋಗಿದ್ದವರು. ಕುಣಿಯುವಾಗ ಟೋಪಿ ಬಿದ್ದು ಜಡೆ ಇಳಿಯಿತಂತೆ. "ಸುತ್ತ ಇದ್ದ ಗಂಡಸರೆಲ್ಲ ಭೂತ ಕಂಡಂಗೆ ಎರಡ್ಹೆಜ್ಜೆ ಹಿಂದಕ್ಕೆ ಹೋದ್ರು. ನಂಗೆ ಕುಣಿಯಕ್ಕೆ ಜಾಗ ಸಿಕ್ತು," ಎಂದು ಹೇಳಿ ನಗಿಸಿದರು.

ಎಲ್ಲರಿಗಿಂತ ಹೆಚ್ಚು ಮರ್ಯಾದೆ ಸಿದ್ದರಾಜು ಅವರಿಗೆ. ಅಂಚೆ ಇಲಾಖೆಯಿಂದ ನಿವೃತ್ತರಾದವರು, ಇಲವಾಲದ ಕಡೆಯವರು. "ನಾನು ಟಿಕೆಟ್ ತಗೊಂಡೋನಲ್ಲ. ಕೂಲಿಗೆ ಬಂದು ಸ್ಪೀಕರ್ ಹೊತ್ತೋನು," ಎಂದು ಎದೆಯೆತ್ತಿ ಹೇಳುತ್ತಿದ್ದರು. "ಆ ಡಬ್ಬದೊಳಗೆ ಇಷ್ಟೆಲ್ಲಾ ಸದ್ದು ಇದೆ ಅಂತ ಹೊರೋವಾಗ ಗೊತ್ತೇ ಇರ್ಲಿಲ್ಲ ಕಣ್ರೀ." ಅವರು ಬಾಯಿ ತೆರೆದರೆ ಉಳಿದವರು ಕಾಫಿ ಲೋಟ ಕೆಳಗಿಡುತ್ತಿದ್ದರು.

ಇದನ್ನು ನನ್ನ ಕಿವಿಯಾರೆ ಕೇಳಿದ್ದೆ ಎಂಬುದನ್ನು ನೀವು ನೆನಪಿಡಬೇಕು.

ಒಂದು ಭಾನುವಾರ ಮಹದೇವಪ್ಪ ತಮಾಷೆಗೆ ನನ್ನನ್ನು ಕೇಳಿದರು, "ನೀನು ಆವಾಗ ಹುಟ್ಟೇ ಇರ್ಲಿಲ್ಲ. ನಿಮ್ಮ ಮನೆಯವರು ಯಾರಾದ್ರೂ ಇದ್ರೇನಪ್ಪ?" ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ನಕ್ಷೆಯ ಕಡೆ ನೋಡಿದೆ. ಉತ್ತರದ ಗೋಲ್ ಪೋಸ್ಟಿನ ಸುತ್ತ ಮಾತ್ರ ಒಂದು ಹೆಸರೂ ಇರಲಿಲ್ಲ. ಸಾಕ್ಷಿ ಹೇಳುವವರಿಲ್ಲದ ಜಾಗ. "ನಮ್ಮ ತಂದೆಯವರು ಇದ್ದರು," ಎಂದೆ. "ಆಗ ಇಲ್ಲೇ ಓದುತ್ತಿದ್ದರು. ಆ ಗೋಲ್ ಪೋಸ್ಟ್ ಹಿಡಿದುಕೊಂಡು ನಿಂತಿದ್ದರಂತೆ."

‘ನಮ್ಮ ತಂದೆಯವರು’ ಎಂದು ನಾನು ಜನ್ಮದಲ್ಲಿ ಅಂದವನಲ್ಲ. ಅಪ್ಪ ಲಿಂಗಸುಗೂರಿನ ಮಾರುಕಟ್ಟೆಯಲ್ಲಿ ಹಮಾಲಿ. ಆಯುಷ್ಯವೆಲ್ಲ ಮೂಟೆ ಹೊತ್ತವನು, ಸಾಲೆಯ ಮೆಟ್ಟಿಲು ಹತ್ತದವನು. ಭಾರ ಹೊತ್ತವರನ್ನು ತಲೆಯ ಮೇಲಿಟ್ಟುಕೊಂಡ ಜನರ ನಡುವೆ ಕುಳಿತು ನಾನು ಭಾರ ಹೊತ್ತ ಅಪ್ಪನನ್ನು ಬಚ್ಚಿಟ್ಟೆ. ಆ ನಾಚಿಕೆ ಇವತ್ತಿಗೂ ಇದೆ. ಸಿದ್ದರಾಜು ನನ್ನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ ಕಾಫಿ ಕುಡಿದರು. ಉಳಿದವರು ಚಪ್ಪಾಳೆ ತಟ್ಟಿದರು. ಅಂದಿನಿಂದ ನನಗೆ ಚಾಪೆಯ ಮೇಲೆ ಖಾಯಂ ಜಾಗ, ಹಬ್ಬಕ್ಕೆ ಊಟ, ಜ್ವರ ಬಂದರೆ ಗಂಜಿ, ಎಲ್ಲ ಸಿಕ್ಕಿತು.

ವರ್ಷದ ಮೇಲೆ ಅಪ್ಪ ನನ್ನನ್ನು ನೋಡಲು ಬಂದ. ಬಸ್ ನಿಲ್ದಾಣದಿಂದ ಕೋಣೆಗೆ ಬರುವ ದಾರಿಯಲ್ಲೇ ಅವನಿಗೆ ಪಾಠ ಹೇಳಿಕೊಟ್ಟೆ. ಅಪ್ಪ ರೊಟ್ಟಿಗಂಟನ್ನು ಕೈ ಬದಲಾಯಿಸುತ್ತಾ ಕೇಳಿಸಿಕೊಂಡ. ಕೊನೆಗೆ ಒಂದೇ ಮಾತು ಕೇಳಿದ, "ನಾ ಹಮಾಲಿ ಅಂತ ಹೇಳಿದ್ರ ಅವ್ರು ನಿನ್ನ ಮನಿ ಬಿಡಸ್ತಾರೇನು?"

"ಹಂಗಲ್ಲಪಾ. ಒಮ್ಮೆ ಹೇಳಿಬಿಟ್ಟೀನಿ," ಎಂದೆ.

"ಆಯ್ತು ಬಿಡು," ಎಂದ.

ಭಾನುವಾರ ಅವನನ್ನು ನಡುವೆ ಕೂರಿಸಿದರು. ಶಾಲು ಹೊದೆಸಿದರು. ಮಹದೇವಪ್ಪ ಕೈಮುಗಿದು, "ಹೇಳಿ ಯಜಮಾನ್ರೇ, ಆವತ್ತು ಎಂಗಿತ್ತು?" ಎಂದರು. ಅಪ್ಪ ನನ್ನ ಕಡೆ ನೋಡಲಿಲ್ಲ. ನೆಲ ನೋಡುತ್ತಾ ಹೇಳಿದ.

"ಕಂಬಕ್ಕ ಕೈ ಹಚ್ಚಿ ನಿಂತಿದ್ದೆರೀ. ಕಾಲಾಗಿನ ನೆಲಾನ ಅದರತಿತ್ತು. ಹಾಡಿನ ಮಾತು ಕಿವಿಗೆ ಬೀಳಲಿಲ್ಲ, ಬಾರಿಸೋದು ಮಾತ್ರ ಎದಿಯಾಗ ಬಡೀತಿತ್ತು. ಬಾಜೂಕ ನಿಂತಾಂವ ಯಾರಂತ ನನಗ ಗೊತ್ತಿಲ್ಲ, ನಾ ಯಾರಂತ ಅವಗೂ ಗೊತ್ತಿಲ್ಲ. ಕುಣಕೋತ ಬಂದು ಹೆಗಲ ಮ್ಯಾಲ ಕೈ ಹಾಕಿದ. ಭಾರ ಅನಸಲಿಲ್ಲ ನೋಡ್ರಿ. ಈ ಹೆಗಲಿಗೆ ಭಾರ ಅನಸದ ಕೈ ಅದೊಂದ."

ಸುಶೀಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ಮಾತ್ರ ಗೊತ್ತಿತ್ತು, ಅದು ನಮ್ಮೂರ ಮೊಹರಮ್ಮಿನ ಕತೆ. ಹಲಗೆವಾದ್ಯದ ಬಡಿತಕ್ಕೆ ಊರಿಗೆ ಊರೇ ಹೆಜ್ಜೆ ಹಾಕುವಾಗ ಮಸೂತಿಯ ಮುಂದಿನ ಬೇವಿನ ಮರಕ್ಕೆ ಆತು ನಿಂತಿದ್ದನ್ನು ಅಪ್ಪ ಎಷ್ಟು ಸಲ ಹೇಳಿದ್ದನೋ. ಮರವನ್ನು ಕಂಬ ಮಾಡಿದ್ದು ಬಿಟ್ಟರೆ ಒಂದಕ್ಷರ ಸುಳ್ಳಿರಲಿಲ್ಲ. ಆ ಒಂದು ಸುಳ್ಳೂ ನನ್ನದು.

ಆಮೇಲೆ ಮಹದೇವಪ್ಪ ರಟ್ಟನ್ನು ಗೋಡೆಯಿಂದ ಇಳಿಸಿ ಅಪ್ಪನ ತೊಡೆಯ ಮೇಲಿಟ್ಟು ಪೆನ್ನು ಕೊಟ್ಟರು. ಈ ರೂಢಿಯನ್ನು ನಾನು ಮರೆತೇಬಿಟ್ಟಿದ್ದೆ. ಅಪ್ಪ ಪೆನ್ನನ್ನು ಹಿಡಿದು ನನ್ನನ್ನು ನೋಡಿದ. ಹೆಬ್ಬೆಟ್ಟಿಗೆ ಶಾಯಿ ಎಲ್ಲಿ ಎಂದು ಹುಡುಕುವ ನೋಟ ಅದು. ನಾನು ಮುಂದೆ ಬಗ್ಗಿ ಪೆನ್ನು ಕಿತ್ತುಕೊಂಡು, "ತಂದೆಯವರಿಗೆ ಕೈ ನಡುಗುತ್ತೆ," ಎಂದು ಹೇಳಿ ಗೋಲ್ ಪೋಸ್ಟಿನ ಪಕ್ಕದಲ್ಲಿ ‘ಹನುಮಂತಪ್ಪ’ ಎಂದು ಬರೆದೆ. ಅಪ್ಪನ ಕೈ ನಡುಗುತ್ತಿರಲಿಲ್ಲ. ನಾನು ಹಾಗೆಂದ ಮೇಲೆ ಅದನ್ನು ಮೆಲ್ಲಗೆ ಶಾಲಿನೊಳಗೆ ಸರಿಸಿಕೊಂಡ.

ಮರುದಿನ ಬೆಳಿಗ್ಗೆ ಅಪ್ಪನನ್ನು ಬಸ್ಸಿಗೆ ಹತ್ತಿಸಲು ಸಿದ್ದರಾಜು ತಾವಾಗಿ ಬಂದರು. ಇಬ್ಬರೂ ಬೆಂಚಿನ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಂಡರು. ಬಸ್ಸು ಹೋದ ಮೇಲೆ ಅವರು ನನ್ನ ಕಡೆ ತಿರುಗಿದರು.

"ಆ ಗೋಲ್ ಪೋಸ್ಟ್ ಆವತ್ತು ಇರ್ಲೇ ಇಲ್ಲ ಕಣೋ. ಸ್ಪೀಕರ್ ಲಾರಿ ಒಳಕ್ಕೆ ಬರಕ್ಕೆ ಅಡ್ಡ ಇತ್ತು. ಕಿತ್ತು ಗೋಡೆಗೆ ಒರಗಿಸಿದ್ದೇ ನಾನು. ಲಾರಿ ದಾರಿ ಅಂತ ಅಲ್ಲಿ ಯಾರನ್ನೂ ನಿಲ್ಲಕ್ಕೂ ಬುಡ್ಲಿಲ್ಲ."

"ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ?" ಎಂದೆ.

"ಒಂಟಿ ಹುಡುಗ, ಕೂರಕ್ಕೊಂದು ಜಾಗ ಬೇಕಾಗಿತ್ತು ಅಂತ ಸುಮ್ಕಾದೆ. ನಿನ್ನೆ ನಿಮ್ಮಪ್ಪನ ಹೆಗಲು ನೋಡ್ದೆ. ಮೂಟೆ ಹೊತ್ತ ಹೆಗಲು ನಂಗೆ ಗೊತ್ತಾಗಲ್ವಾ? ನೀನು ಸುಳ್ಳೇಳಿದ್ದು ಹೋಗ್ಲಿ. ಆ ದೊಡ್ಡೋರ ಬಾಯಲ್ಲಿ ಹೇಳಿಸ್ಬಾರ್ದಾಗಿತ್ತು ಕಣಪ್ಪ." ಅವರು ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. "ನಾನ್ಯಾರಿಗೂ ಹೇಳಲ್ಲ. ಹೇಳೋದಾದ್ರೆ ನೀನೇ ಹೇಳು," ಎಂದು ಹೇಳಿ ಹೋದರು.

ಇದಾಗಿ ಏಳು ತಿಂಗಳು. ಹೋದ ವಾರ ಫೋನಿನಲ್ಲಿ ಅಪ್ಪ ಕೇಳಿದ, "ಆ ಹಿರ್ಯಾರೆಲ್ಲ ಆರಾಮದಾರೇನು?" ಹೌದೆಂದೆ. "ಪಾಪ, ಛಲೋ ಮಂದಿ. ಮೊಹರಮ್ಮಿಗೆ ಎಲ್ಲಾರನ್ನೂ ಊರಿಗೆ ಕರಕೊಂಡು ಬಾ. ನಾ ಖರೇ ಎಲ್ಲಿ ನಿಂತಿದ್ದೆ ಅಂತ ತೋರಸ್ತೀನಿ."

ಹೂಂ ಎಂದೆ. ಅವರನ್ನು ಕರೆಯುವ ಮೊದಲು ಏನು ಹೇಳಬೇಕಾಗುತ್ತದೆ ಎಂಬುದು ಅಪ್ಪನಿಗೂ ಗೊತ್ತು, ನನಗೂ ಗೊತ್ತು.

ನಿನ್ನೆ ಜಗಲಿಗೆ ಹೊಸಬರೊಬ್ಬರು ಬಂದಿದ್ದರು. ನಕ್ಷೆ ನೋಡುತ್ತಾ, "ಈ ಹನುಮಂತಪ್ಪನವರು ಯಾರು?" ಎಂದು ಕೇಳಿದರು. "ನಮ್ಮಪ್ಪ," ಎಂದೆ. "ಏನಾಗಿದ್ರು?" ಎಂದರು. "ಹಮಾಲಿ. ಮೂಟೆ ಹೊರತಾನ," ಎಂದೆ. ನನ್ನ ಬಾಯಿಂದ ಊರಿನ ಮಾತೇ ಬಂತು. ಸುಶೀಲಮ್ಮ ತಲೆಯೆತ್ತಿ ನೋಡಿದರು. ಸಿದ್ದರಾಜು ಕಣ್ಣು ಬಿಟ್ಟು ಮುಂದಿನ ಮಾತಿಗೆ ಕಾದರು. ಅಷ್ಟರಲ್ಲಿ ಮಹದೇವಪ್ಪ ಕ್ಯಾಸೆಟ್ ಹಾಕಿದರು. ಹಾಡು ನಡೆಯುವಾಗ ಯಾರೂ ಮಾತಾಡುವಂತಿಲ್ಲ. ನಾನು ಆ ನಿಯಮದ ಹಿಂದೆ ಅವಿತು ಕುಳಿತೆ, ಹಾಡು ಮುಗಿದ ಮೇಲೂ ಉಳಿದದ್ದನ್ನು ಹೇಳಲಿಲ್ಲ.

ಅಪ್ಪನ ಹೆಸರು ನನ್ನ ಅಕ್ಷರದಲ್ಲಿ ಇನ್ನೂ ಅಲ್ಲೇ ಇದೆ. ಅದನ್ನು ಅಳಿಸಿದರೆ ಮೈಸೂರಿನಲ್ಲಿ ನನಗಿರುವ ಆ ಒಂದು ಮೊಳ ಚಾಪೆಯೂ ಹೋಗಬಹುದು ಎಂಬ ಭಯ. ಅಳಿಸದಿದ್ದರೆ ಬೇವಿನ ಮರದ ಕೆಳಗೆ ಅಪ್ಪನ ಪಕ್ಕ ಯಾವ ಮುಖ ಹೊತ್ತು ನಿಲ್ಲಲಿ? ಅವರಿಗೆ ಹೇಳಬೇಕಾದ್ದನ್ನು ಮೊದಲು ನಿಮಗೆ ಬರೆದೆ, ಇದೂ ಹೇಡಿತನವೇ. ಮೊಹರಮ್ಮಿಗೆ ಇನ್ನು ಐದು ಭಾನುವಾರ ಉಳಿದಿವೆ.