ಆಲ್ದೋ ಹಾಕಿದ ಪತ್ರ

ನಂಜುಂಡಯ್ಯನವರ ಇಂಗ್ಲಿಷಿನಲ್ಲಿ ವ್ಯಾಕರಣದ ತಪ್ಪು ಹುಡುಕಲು ಯಾರಿಂದಲೂ ಆಗದು. ನನಗೆ ಸಿಟ್ಟಿರುವುದೇ ಅದಕ್ಕೆ. ತಪ್ಪಿದ್ದಿದ್ದರೆ ಕೆಂಪು ಶಾಯಿಯಲ್ಲಿ ಗೀಟು ಹಾಕಿ ಸುಮ್ಮನಾಗಬಹುದಿತ್ತು.

ಅವರು ಆಲೂರಿನ ನಮ್ಮ ಖಾಸಗಿ ಹೈಸ್ಕೂಲಿನ ಹೆಡ್‌ಮಾಸ್ಟರು. ನಾನು ಫ್ಲಾವಿಯಾ, ಅಲ್ಲಿನ ಗುಮಾಸ್ತೆ. ಪೂಜಿತಾ ಆರು ವರ್ಷ ತಾತ್ಕಾಲಿಕ ಹುದ್ದೆಯಲ್ಲಿ ಇಂಗ್ಲಿಷ್ ಕಲಿಸಿದವಳು. ಯಸಳೂರಿನ ಹತ್ತಿರ ಎಸ್ಟೇಟ್ ಲೈನಿನಲ್ಲಿ, ಕೂಲಿಯವರ ಸಾಲುಮನೆಯಲ್ಲಿ ಹುಟ್ಟಿದಳು. ತಾಯಿ ದೇವೀರಮ್ಮ ಈಗಲೂ ಅಲ್ಲೇ ಕಾಫಿ ಹಣ್ಣು ಕುಯ್ಯುತ್ತಾಳೆ. ಪೂಜಿತಾ ಎರಡು ಬಸ್ಸು ಬದಲಿಸಿ ಬಂದರೂ ಒಂದು ದಿನ ತಡವಾದದ್ದಿಲ್ಲ.

ನಮ್ಮ ಶಾಲೆಯ ಮಕ್ಕಳು ಇಂಗ್ಲಿಷಿನಲ್ಲಿ ಒಂದು ತಪ್ಪನ್ನು ತಪ್ಪದೆ ಮಾಡುತ್ತಾರೆ. ಆಲ್ದೋ, ಅಂದರೆ ನಮ್ಮ 'ಆದರೂ', ಎಂದು ಶುರು ಮಾಡಿದ ವಾಕ್ಯದ ನಡುವೆ ಒಂದು ಬಟ್ ಕೂಡ ತುರುಕುತ್ತಾರೆ. ಪೂಜಿತಾ ಅದನ್ನು ಹೀಗೆ ಬಿಡಿಸುತ್ತಿದ್ದಳು: "ಮಳೆ ಬಂದ್ರೂ ಹೋದ್ವಿ ಅಂತೀರಿ. ಮಳೆ ಬಂದ್ರೂ, ಆದರೆ ಹೋದ್ವಿ ಅಂತೀರೇನ್ರೋ? ನಮ್ ರೂ ಬಾಲ್ದಲ್ಲಿ ಐತೆ, ಅವ್ರ ಆಲ್ದೋ ತಲೇಲಿ ಐತೆ. ಕೆಲ್ಸ ಒಂದೇ ಕಣ್ರೋ." ಪಕ್ಕದ ಕಚೇರಿಯಲ್ಲಿ ಕುಳಿತ ನನಗೂ ಅದು ಅರ್ಥವಾದದ್ದು ಆಗಲೇ.

ಕಳೆದ ಜೂನ್‌ನಲ್ಲಿ ಆ ಹುದ್ದೆ ಕಾಯಂ ಆಯಿತು. ಅರ್ಜಿ ಹಾಕಲು ಹೊರಟವರು ಇಬ್ಬರೇ, ಪೂಜಿತಾ ಮತ್ತು ಹೊಸದಾಗಿ ಬಂದ ಅಭಿಲಾಷ್. ಸಿಗದವರು ಮನೆಗೆ ಹೋಗಬೇಕು. ಅರ್ಜಿಯ ಜೊತೆ ಹೆಡ್‌ಮಾಸ್ಟರರ ಶಿಫಾರಸು ಪತ್ರ ಬೇಕಿತ್ತು. ಅವರು ಇಂಗ್ಲಿಷಿನಲ್ಲಿ ಹೇಳಿದರು, ನಾನು ಟೈಪ್ ಮಾಡಿದೆ. ಅಭಿಲಾಷ್ ಒಳ್ಳೆಯ ಶಿಕ್ಷಕ ಎಂದು ಅವನ ಪತ್ರ. ಪೂಜಿತಾಳ ಪತ್ರ ಆಲ್ದೋ ಎಂದೇ ಶುರುವಾಯಿತು: ಎಸ್ಟೇಟ್ ಲೈನಿನಿಂದ ಬಂದವಳಾದರೂ, ಉಳಿದವರಷ್ಟೇ ಚೆನ್ನಾಗಿ ಕಲಿಸುತ್ತಾಳೆ. ನನ್ನ ಬೆರಳು ಒಂದು ಕ್ಷಣವೂ ತಡೆಯಲಿಲ್ಲ. ಅದಕ್ಕೆ ನನಗೆ ಇನ್ನೂ ನಾಚಿಕೆಯಾಗುತ್ತದೆ.

ಪೂಜಿತಾ ನಿಂತಲ್ಲೇ ಓದಿದಳು. "ಸಾರ್, ಈ ಆಲ್ದೋ ತೆಗೀರಿ."

"ಯಾಕಮ್ಮ? ಹೊಗಳಿದೀನಲ್ಲ."

"ವಿರೋಧ ಇದ್ ಕಡೆ ತಾನೆ ಸಾರ್ ಆಲ್ದೋ ಹಾಕೋದು? ಲೈನಲ್ಲಿ ಹುಟ್ಟಿದ್ದಕ್ಕೂ ಪಾಠಕ್ಕೂ ಏನ್ ವಿರೋಧ ಐತೆ? ಉಳಿದವರಷ್ಟೇ ಅಂದ್ರೆ ಯಾರಷ್ಟು? ಆಲ್ದೋ ಜೊತೆಗೆ ಬಟ್ ಬರೆಯೋರಷ್ಟಾ?"

ಅಭಿಲಾಷ್ ಬೋರ್ಡಿನ ಮೇಲೂ ಹಾಗೇ ಬರೆಯುತ್ತಿದ್ದ; ಕೊನೆಯ ಮಾತು ಅವನಿಗೆ ಎಂದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ನಂಜುಂಡಯ್ಯನವರು ನಕ್ಕರು. ವ್ಯಾಕರಣ ಸರಿಯಾಗಿದೆ, ತಗೊಂಡು ಹೋಗಮ್ಮ ಎಂದರು. ಆ ನಗು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಅವಳು ಪತ್ರವನ್ನು ಮೇಜಿನ ಮೇಲೆ ಬಿಟ್ಟು ಬಂದಳು.

"ಒಂದು ಪದ ಕಣೇ, ನುಂಗ್ಕೋ" ಎಂದೆ ನಾನು, ಬುದ್ಧಿವಂತೆಯ ಹಾಗೆ.

"ಆರು ವರ್ಷದಿಂದ ನುಂಗ್ತಾನೇ ಇದೀನಿ ಮೇಡಂ."

ಪತ್ರವಿಲ್ಲದೆ ಅರ್ಜಿ ಕೊಟ್ಟಳು. ಅಪೂರ್ಣ ಎಂದು ವಾಪಸ್ ಬಂತು. ಹುದ್ದೆ ಅಭಿಲಾಷನಿಗೆ ಹೋಯಿತು. ಈಗ ದಿನಾ ಗೋಡೆಯಾಚೆಯಿಂದ ಅವನ ಆಲ್ದೋ, ಅದರ ಬೆನ್ನಿಗೇ ಬಟ್ ಕೇಳುತ್ತಾ ಕೂತಿರುತ್ತೇನೆ.

ಪೂಜಿತಾಳ ಕೆಲಸ ಹೋದ ನಂತರದ ಭಾನುವಾರ ಅವಳ ಮನೆಗೆ ಹೋಗಿದ್ದೆ. ಕೆಲಸ ಯಾಕೆ ಹೋಯಿತೆಂದು ಮಗಳು ತಾಯಿಗೆ ಬಾಯಿ ಬಿಟ್ಟಿರಲಿಲ್ಲ. ದೇವೀರಮ್ಮ ನನ್ನನ್ನು ಹಿಡಿದು ಕೂರಿಸಿ ಕೇಳಿದಳು. ಪತ್ರದಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳಿದೆ.

"ಒಳ್ಳೇ ಮಾತೇ ಬರ್ದವ್ರಲ್ಲ ಮೇಡಮ್ಮೋರೆ" ಎಂದಳು ದೇವೀರಮ್ಮ. "ನಾನೂ ಹಂಗೇ ಅಲ್ವಾ ಎಲ್ರತ್ರ ಹೇಳ್ಕಂಡು ತಿರುಗೋದು? ಲೈನಲ್ಲಿ ಹುಟ್ಟಿದ್ರೂ ನನ್ ಮಗ್ಳು ಇಂಗ್ಲಿಷ್ ಟೀಚರು ಅಂತ."

ಬಟ್ಟೆ ಮಡಿಸುತ್ತಿದ್ದ ಪೂಜಿತಾಳ ಕೈ ನಿಂತಿತು. ಹೆಡ್‌ಮಾಸ್ಟರಿಗೆ ಅಷ್ಟು ಮಾತಾಡಿದವಳು ಮಡಿಸಿಟ್ಟ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಿಸತೊಡಗಿದಳು. ದೇವೀರಮ್ಮ ಮಗಳ ಮುಖ ನೋಡಿದಳು, ನನ್ನ ಮುಖ ನೋಡಿದಳು.

"ಹಂಗಾರೆ ಇಷ್ಟ್ ವರ್ಷ ನಾನೇ ನಿನ್ನ ಬಯ್ಕಂಡು ತಿರುಗಿದ್ನೇನವ್ವ?" ಎಂದಳು.